ಅಂಜಿಕೆಗೂ ಒಂದು ಚರಿತ್ರೆಯಿದೆ

ವೈದ್ಯಕೀಯ ಚರಿತ್ರೆಯ ಪುಸ್ತಕಗಳಲ್ಲಿ ಉಪಕರಣ ಕಂಡುಹಿಡಿದವರ ಹೆಸರಿರುತ್ತದೆ, ಇಸವಿ ಇರುತ್ತದೆ, ಉಪಕರಣದ ಚಿತ್ರವೂ ಇರುತ್ತದೆ. ಅದರ ಮುಂದೆ ಮಲಗಿದವರ ಹೆಸರು ಸಿಗುವುದು ಅಪರೂಪ. ಹಿಂದಿನ ರಾತ್ರಿ ಅವರಿಗೆ ನಿದ್ದೆ ಬಂದಿತ್ತೋ ಇಲ್ಲವೋ ಎಂಬುದನ್ನಂತೂ ಯಾರೂ ಬರೆದಿಡುವ ಗೋಜಿಗೆ ಹೋಗಿಲ್ಲ. ನಮ್ಮ ಕಡೆ ಭಯಕ್ಕೆ ಅಂಜಿಕೆ ಎನ್ನುತ್ತಾರೆ. ಅಂಜಿಕೆಗೆ ಪತ್ರಾಗಾರವಿಲ್ಲ. ಆದರೂ ಅದು ಅಲ್ಲಲ್ಲಿ ಗುರುತು ಬಿಟ್ಟಿದೆ. ಉಪಕರಣಗಳ ಆಕಾರದಲ್ಲಿ, ಅರಿವಳಿಕೆಯ ನಿಯಮಗಳಲ್ಲಿ, ಎಲ್ಲೋ ಒಂದು ಮರಣದ ವರದಿಯಲ್ಲಿ ಅದು ಕಾಣಿಸುತ್ತದೆ. ಈ ಲೇಖನ ಆ ಗುರುತುಗಳ ಬೆನ್ನುಹತ್ತಿದೆ. ಅದಕ್ಕೆ ನಾನು ಆರಿಸಿಕೊಂಡದ್ದು ಜನ ಹೇಳಿಕೊಳ್ಳಲೂ ನಾಚುವ ಒಂದು ಪರೀಕ್ಷೆ, ಕೊಲೊನೋಸ್ಕೋಪಿ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಕ್ಯಾಮೆರಾ ಇರುವ, ಬಾಗುವ ತೆಳು ಕೊಳವೆಯೊಂದನ್ನು ಗುದದ್ವಾರದಿಂದ ಒಳಗೆ ಬಿಟ್ಟು, ಕರುಳಿನ ಗೋಡೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದೇ ಈ ಪರೀಕ್ಷೆ. ಗೋಡೆಯ ಮೇಲೆ ಪಾಲಿಪ್ ಎಂಬ ಸಣ್ಣ ಗಂಟು ಬೆಳೆದಿದ್ದರೆ ಅದನ್ನು ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಇಂಥ ಗಂಟಿನಿಂದಲೇ, ಹಲವು ವರ್ಷ ತೆಗೆದುಕೊಂಡು ಬೆಳೆಯುತ್ತವೆ. ಹಾಗಾಗಿ ರೋಗವನ್ನು ಹುಡುಕುವ ಈ ಪರೀಕ್ಷೆ ರೋಗ ಬರದಂತೆಯೂ ತಡೆಯುತ್ತದೆ. ಇಷ್ಟು ಉಪಕಾರಿಯಾದದ್ದನ್ನು ಜನ ಮುಂದೂಡುವುದು ಏಕೆಂದರೆ ಅಂಜಿಕೆಯಿಂದ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಿಂದ. ಕನ್ನಡದಲ್ಲಿ ಕರುಳು ಬರೀ ಅಂಗವಲ್ಲ ಎಂಬುದನ್ನೂ ನೆನೆಯಬೇಕು. ಹೆತ್ತ ಕರುಳು, ಕರುಳಬಳ್ಳಿ, ಕರುಳು ಚುರುಕ್ ಎನ್ನುವುದು, ಹೀಗೆ ನಂಟು, ಮರುಕಗಳೆಲ್ಲ ಅಲ್ಲಿ ವಾಸವಾಗಿವೆ. ಅಂಥ ಜಾಗಕ್ಕೆ ಕ್ಯಾಮೆರಾ ಇಳಿಯುತ್ತದೆ ಎಂದರೆ ಮನಸ್ಸು ಹಿಂಜರಿಯುವುದು ಸಹಜ.

ನೋಡಬೇಕೆಂಬ ಆಸೆ ಮಾತ್ರ ಬಹಳ ಹಳೆಯದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಮೂಲವ್ಯಾಧಿಯನ್ನು ನೋಡಲು ಅರ್ಶೋಯಂತ್ರವೆಂಬ ಕೊಳವೆಯ ವಿವರವಿದೆ. ಅದು ಹಸುವಿನ ಮೊಲೆಯ ಆಕಾರದ್ದು, ನಾಲ್ಕು ಅಂಗುಲ ಉದ್ದ. ರೋಗವನ್ನು ನೋಡುವುದಕ್ಕೆ ಎರಡು ಕಂಡಿಯ ಕೊಳವೆ, ಚಿಕಿತ್ಸೆ ಮಾಡುವುದಕ್ಕೆ ಒಂದೇ ಕಂಡಿಯದು. ನೋಡುವ ಕೆಲಸ ಬೇರೆ, ಮಾಡುವ ಕೆಲಸ ಬೇರೆ ಎಂಬ ತಿಳಿವಳಿಕೆ ಆಗಲೇ ಇತ್ತು. ಸುಶ್ರುತ ಸಂಹಿತೆಯಲ್ಲಿ ಇನ್ನೊಂದು ವಿವರ ಬರುತ್ತದೆ, ನನಗೆ ಅದೇ ಹೆಚ್ಚು ಮುಖ್ಯ. ಮೂಲವ್ಯಾಧಿಯ ರೋಗಿಯನ್ನು ಮೋಡವಿಲ್ಲದ ದಿನ ಸೂರ್ಯನ ಬೆಳಕು ಬೀಳುವಂತೆ ಮಲಗಿಸಬೇಕು, ಅವನ ತಲೆ ಇನ್ನೊಬ್ಬರ ತೊಡೆಯ ಮೇಲಿರಬೇಕು, ಕೊಳವೆಗೆ ತುಪ್ಪ ಸವರಿ ಮೆಲ್ಲಗೆ ಒಳಗಿಡಬೇಕು. ಕೈಕಾಲು ಅಲುಗದಂತೆ ಬಟ್ಟೆಯಿಂದ ಬಿಗಿಯುವ ಮಾತೂ ಅಲ್ಲಿದೆ. ರೋಗಿ ಒದ್ದಾಡುತ್ತಾನೆ ಎಂಬುದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಕಟ್ಟುವ ಬಟ್ಟೆಯನ್ನೂ ಹೇಳಿದ, ತಲೆಯಿಡುವ ತೊಡೆಯನ್ನೂ ಹೇಳಿದ. ಅಂಜಿಕೆಯನ್ನು ಬಲದಿಂದ ಅದುಮುವುದು, ಸನಿಹದಿಂದ ಇಳಿಸುವುದು ಎಂಬ ಎರಡು ದಾರಿಗಳೂ ಆ ಒಂದೇ ವಿಧಿಯಲ್ಲಿವೆ. ಮುಂದಿನ ಚರಿತ್ರೆಯಲ್ಲಿಯೂ ಈ ಎರಡು ದಾರಿಗಳೇ ಕಾಣುತ್ತವೆ.

ಸೂರ್ಯನ ಬೆಳಕು ನಾಲ್ಕು ಅಂಗುಲದಾಚೆ ಹೋಗುವುದಿಲ್ಲ. 1806ರ ಹೊತ್ತಿಗೆ ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಫಿಲಿಪ್ ಬೊಝಿನಿ ಮೇಣದ ಬತ್ತಿ ಮತ್ತು ಕನ್ನಡಿ ಇರುವ ಒಂದು ಉಪಕರಣ ಮಾಡಿದ. 1853ರಲ್ಲಿ ಪ್ಯಾರಿಸ್ಸಿನ ದೆಸೊರ್ಮೊ ಬತ್ತಿಯ ಬದಲು ಮದ್ಯಸಾರ, ಟರ್ಪೆಂಟೈನ್ ಉರಿಯುವ ದೀಪ ಇಟ್ಟ. ಬೆಳಕು ಹೆಚ್ಚಾಯಿತು, ಅದರ ಜೊತೆಗೆ ಸುಡುವ ಅಪಾಯವೂ ಬಂತು. 1868ರಲ್ಲಿ ಅಡಾಲ್ಫ್ ಕುಸ್‌ಮೌಲ್ ಗಟ್ಟಿ ಲೋಹದ ಕೊಳವೆಯನ್ನು ಬಾಯಿಂದ ಜಠರಕ್ಕೆ ಇಳಿಸಿ ನೋಡಲು ಹೊರಟ. ಅದಕ್ಕೆ ಅವನು ಹುಡುಕಿಕೊಂಡದ್ದು ಕತ್ತಿ ನುಂಗುವ ಕಸುಬಿನವನನ್ನು. ಗಂಟಲು ಬಿಗಿಯದ, ಓಕರಿಕೆ ಬರದ, ಅಂಜದ ದೇಹವನ್ನು ಆ ಯಂತ್ರ ಬೇಡುತ್ತಿತ್ತು. ಕತ್ತಿ ನುಂಗುವವರು ಲೋಕದಲ್ಲಿ ಎಷ್ಟು ಜನ ಇದ್ದಾರು? ಯಂತ್ರಕ್ಕೆ ದೇಹ ಹೊಂದಿಕೊಳ್ಳಬೇಕಾದ ಕಾಲವದು. ದೇಹಕ್ಕೆ ಯಂತ್ರ ಹೊಂದಿಕೊಳ್ಳಲು ಇನ್ನೂ ಸುಮಾರು 90 ವರ್ಷ ಬೇಕಾಯಿತು.

ಅಷ್ಟರೊಳಗೆ ಕ್ಲೋರೋಫಾರ್ಮ್ ಬಂದಿತ್ತು. ಇಲ್ಲಿಂದ ಕಥೆ ನಮ್ಮ ಸೀಮೆಗೆ ಹತ್ತಿರವಾಗುತ್ತದೆ.

ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರ್ಮಿನ ಉಪಯೋಗವನ್ನು ಲೋಕಕ್ಕೆ ತಿಳಿಸಿದ. ಮೂರು ತಿಂಗಳು ತುಂಬುವುದರೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲೇಟನ್ ಎಂಬ ಊರಿನಲ್ಲಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಸತ್ತಳು. ಕಾಲ್ಬೆರಳಿನ ಉಗುರು ತೆಗೆಯಲೆಂದು ಅವಳಿಗೆ ಕ್ಲೋರೋಫಾರ್ಮ್ ಕೊಟ್ಟಿದ್ದರು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ಕ್ಲೋರೋಫಾರ್ಮಿನಿಂದಾದ ಮೊದಲ ಸಾವೆಂದು ದಾಖಲಾದದ್ದು ಇದು. ಆ ಹುಡುಗಿ ವಿಪರೀತ ಅಂಜಿದ್ದಳು, ಅತ್ತಿದ್ದಳು ಎಂಬ ಸಂಗತಿಯೂ ಅದರೊಂದಿಗೆ ಉಳಿದುಬಂದಿದೆ. ರೋಗಿಯ ಹೆಸರು, ರೋಗಿಯ ಅಂಜಿಕೆ ಎರಡೂ ಉಳಿದ ಅಪರೂಪದ ದಾಖಲೆ ಇದು. ಅದು ಉಳಿಯಲು ಅವಳು ಸಾಯಬೇಕಾಯಿತು.

ಕ್ಲೋರೋಫಾರ್ಮ್ ಕೊಲ್ಲುವುದು ಹೃದಯವನ್ನು ನಿಲ್ಲಿಸಿಯೋ, ಉಸಿರನ್ನು ನಿಲ್ಲಿಸಿಯೋ ಎಂಬ ವಾದ ಆಮೇಲೆ ದಶಕಗಳ ಕಾಲ ನಡೆಯಿತು. ಅದನ್ನು ಬಗೆಹರಿಸುವ ಹಟ ತೊಟ್ಟವನು ಹೈದರಾಬಾದಿನಲ್ಲಿದ್ದ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ. ಅವನು ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿನ ವೈದ್ಯಕೀಯ ಶಾಲೆ 1846ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದದ್ದು. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕೂತಿತು, 1889ರಲ್ಲಿ ಎರಡನೆಯದು. ಎರಡನೆಯದಕ್ಕೆ ಲಂಡನ್ನಿನಿಂದ ತಜ್ಞರೊಬ್ಬರನ್ನು ಕರೆಸಿಕೊಳ್ಳಲು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಒಂದು ಸಾವಿರ ಪೌಂಡ್ ಕೊಟ್ಟಿತು. ಬಂದವರು ಲಾಡರ್ ಬ್ರಂಟನ್. ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳಾದವು. ಉಸಿರೇ ಮೊದಲು ನಿಲ್ಲುತ್ತದೆ, ಆದ್ದರಿಂದ ಕ್ಲೋರೋಫಾರ್ಮ್ ಕೊಡುವವನು ನಾಡಿ ಹಿಡಿದು ಕೂರದೆ ಉಸಿರಿನ ಮೇಲೆ ಕಣ್ಣಿಡಬೇಕು ಎಂಬ ತೀರ್ಮಾನಕ್ಕೆ ಆಯೋಗ ಬಂತು.

ಆಗ ಆಳಂದ ಸೀಮೆ ನಿಜಾಮರ ರಾಜ್ಯದ್ದು, 1948ರವರೆಗೂ ಹಾಗೆಯೇ ಇತ್ತು. ಪಕ್ಕದ ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ನನ್ನೂರು ಹಿರೋಳ್ಳಿ ಈ ಎರಡರ ಅಂಚಿನದು. ಇವತ್ತಿಗೂ ಅದು ಕರ್ನಾಟಕ-ಮಹಾರಾಷ್ಟ್ರದ ಗಡಿ. 2020ರಲ್ಲಿ ಕೊರೊನಾ ಬಂದಾಗ ಚೆಕ್‌ಪೋಸ್ಟ್‌ನಿಂದಾಗಿ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತ್ತು. ಅಂದರೆ ಲೋಕದ ವೈದ್ಯರೆಲ್ಲ ಚರ್ಚಿಸಿದ ಆ ಪ್ರಯೋಗ ನಡೆದದ್ದು ನಮ್ಮ ಮುತ್ತಜ್ಜಂದಿರು ಕಂದಾಯ ಕಟ್ಟುತ್ತಿದ್ದ ರಾಜ್ಯದ ರಾಜಧಾನಿಯಲ್ಲಿ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆ ಲಾರಿಯ ಕೈಕೆಳಗೆ ಕಲಿತು ಕ್ಲೋರೋಫಾರ್ಮ್ ಕೊಡುವ ಕೆಲಸಕ್ಕೆ ನಿಂತರು. ಲೋಕದ ಮೊಟ್ಟಮೊದಲ ಮಹಿಳಾ ಅರಿವಳಿಕೆ ತಜ್ಞರ ಸಾಲಿನಲ್ಲಿ ಅವರ ಹೆಸರಿದೆ. ಹಳ್ಳಿಯಿಂದ ಹೋದ ಹೆಣ್ಣುಮಗಳೊಬ್ಬಳ ಮುಖದ ಮೇಲೆ ಬಟ್ಟೆ ಹಿಡಿಯುವ ಕೈ ಇನ್ನೊಬ್ಬ ಹೆಣ್ಣಿನದಾಗಿದ್ದರೆ ಅಂಜಿಕೆ ಎಷ್ಟು ಇಳಿದೀತು ಎಂಬುದನ್ನು ನಾವು ಊಹಿಸಬಹುದು. ಆಯೋಗದ ಗಮನವಿದ್ದದ್ದು ಪ್ರಾಣಿಗಳ ಉಸಿರು, ರಕ್ತದೊತ್ತಡ, ನಿಮಿಷಗಳ ಮೇಲೆ. ಕನ್ನಡ, ತೆಲುಗು, ಮರಾಠಿ ಆಡುವ ರೋಗಿಗಳ ಮಾತು ಅದರ ವಿಷಯವಾಗಿರಲಿಲ್ಲ.

ಈ ಕಥೆಗೆ ಒಂದು ತಿರುವು ಇದೆ. 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಹೈದರಾಬಾದ್ ಆಯೋಗದ ತೀರ್ಮಾನ ಪೂರ್ತಿ ಸರಿಯಲ್ಲ ಎಂದು ತೋರಿಸಿದ. ಕ್ಲೋರೋಫಾರ್ಮ್ ಇನ್ನೂ ಹಗುರವಾಗಿರುವಾಗ ರಕ್ತದಲ್ಲಿ ಅಡ್ರಿನಲಿನ್ ಏರಿದರೆ ಹೃದಯದ ಬಡಿತ ತಾಳ ತಪ್ಪಿ ನಿಂತುಹೋಗಬಹುದು. ಅಡ್ರಿನಲಿನ್ ಎಂದರೆ ಅಂಜಿದಾಗ ದೇಹ ತಾನೇ ಸುರಿಸುವ ರಸ. 63 ವರ್ಷಗಳ ಹಿಂದೆ ವಿನ್ಲೇಟನ್ನಿನಲ್ಲಿ ಅತ್ತ ಹುಡುಗಿಯ ಅಳು ಒಮ್ಮೆಲೇ ವಿಜ್ಞಾನದ ವಿಷಯವಾಯಿತು. ರೋಗಿಯ ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುತ್ತಿದ್ದ ಅಂಜಿಕೆ, ಔಷಧದ ಜೊತೆ ಸೇರಿ ದೇಹದೊಳಗೆ ಕೆಲಸ ಮಾಡುವ ವಸ್ತು ಎಂದಾಯಿತು. ಅಂಜಬೇಡ ಎಂದು ಗದರಿಸುವುದಕ್ಕೂ ಅಂಜಿಕೆಯನ್ನು ಇಳಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಜೀವನ್ಮರಣದ್ದು.

ಬಾಗುವ ಯಂತ್ರಕ್ಕೆ ಈಗ ಬರೋಣ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸಂಶೋಧನೆ ಮಾಡುತ್ತಿದ್ದರು. ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಅವರಿಬ್ಬರೂ 1954ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಟ್ಟು ಬಾಗಿದರೂ ಬೆಳಕು ಬಾಗಿಕೊಂಡು ಹೋಗುತ್ತದೆ. ಅದನ್ನು ಓದಿ ಅಮೆರಿಕದ ಮಿಶಿಗನ್ನಿನಲ್ಲಿ ಬೇಸಿಲ್ ಹಿರ್ಶೋವಿಟ್ಜ್ ಮತ್ತು ಅವನ ಜೊತೆಗಾರರು ಬಾಗುವ ಎಂಡೋಸ್ಕೋಪ್ ಮಾಡಿದರು. 1957ರಲ್ಲಿ ಹಿರ್ಶೋವಿಟ್ಜ್ ಅದನ್ನು ಮೊದಲು ಇಳಿಸಿಕೊಂಡದ್ದು ತನ್ನದೇ ಗಂಟಲಿಗೆ. ರೋಗಿಗೆ ಮಾಡುವುದನ್ನು ತಾನು ಮೊದಲು ಅನುಭವಿಸಿದ ಆ ಗಳಿಗೆಯನ್ನು ನಾನು ಅಂಜಿಕೆಯ ಚರಿತ್ರೆಯ ಒಂದು ಮೈಲಿಗಲ್ಲು ಎನ್ನುತ್ತೇನೆ. 1969ರಲ್ಲಿ ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಬಾಗುವ ಕೊಳವೆಯ ಮೂಲಕವೇ ಕರುಳಿನ ಪಾಲಿಪ್ ಕತ್ತರಿಸಿ ತೆಗೆದರು. ಅಲ್ಲಿಯವರೆಗೆ ಅದಕ್ಕೆ ಹೊಟ್ಟೆಯನ್ನೇ ಕೊಯ್ಯಬೇಕಾಗುತ್ತಿತ್ತು. 1980ರ ದಶಕದಲ್ಲಿ ಕೊಳವೆಯ ತುದಿಗೆ ಕ್ಯಾಮೆರಾ ಬಂತು. ವೈದ್ಯನೊಬ್ಬನೇ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದುದು ಪರದೆಯ ಮೇಲೆ ಎಲ್ಲರಿಗೂ ಕಾಣುವಂತಾಯಿತು, ಎಚ್ಚರವಿದ್ದರೆ ರೋಗಿಗೂ.

ಹೀಗೆ ಯಂತ್ರವೇನೋ ಮೆತ್ತಗಾಯಿತು. ಅಂಜಿಕೆ ಮಾತ್ರ ಹೋಗಿಲ್ಲ. ನಮ್ಮ ಕಾಕಾಗೆ ಈ ಪರೀಕ್ಷೆ ಬರೆದುಕೊಟ್ಟಾಗ ಅದನ್ನು ನಾನು ಹತ್ತಿರದಿಂದ ನೋಡಿದೆ. ಆರು ತಿಂಗಳಿಂದ ಅವರಿಗೆ ಮಲದಲ್ಲಿ ರಕ್ತ ಬೀಳುತ್ತಿತ್ತು, ಮೂಲವ್ಯಾಧಿ ಎಂದುಕೊಂಡು ಸುಮ್ಮನಿದ್ದರು. ನಾನು ಪಿಎಚ್‌ಡಿ ಮಾಡುತ್ತಿರುವುದರಿಂದ ಊರಿನಲ್ಲಿ ನನ್ನನ್ನು ಅರ್ಧ ಡಾಕ್ಟರ್ ಎಂದೇ ತಿಳಿದಿದ್ದಾರೆ.

"ತಮ್ಮಾ, ನೀ ಡಾಕ್ಟರ್ ಓದಾಕತ್ತೀದಿ. ಅದು ಮಾಡಿಸ್ಲಾರ್ದಂಗ ಗುಳಿಗಿ ಏನರ ಅದಾವೇನು ಕೇಳು" ಎಂದರು.

"ನಂದು ಇತಿಹಾಸದ ಡಾಕ್ಟರ್ ಕಾಕಾ."

"ಹಂಗಾದ್ರ ಹಿಂದಿನ ಮಂದಿ ಏನ್ ಮಾಡ್ತಿದ್ರು, ಅದನ್ನರ ಹೇಳು."

ಈ ಲೇಖನದ ಅರ್ಧ ಭಾಗ ಆ ಪ್ರಶ್ನೆಗೆ ಹುಡುಕಿದ ಉತ್ತರವೇ.

ಕೆದಕಿ ಕೇಳಿದಾಗ ಗೊತ್ತಾದದ್ದೇನೆಂದರೆ, ಕಾಕಾನ ಅಂಜಿಕೆ ಒಂದೇ ಅಲ್ಲ. ಕೊಳವೆಯ ನೋವು ಅವರ ಪಟ್ಟಿಯಲ್ಲಿ ಕೊನೆಗೆ ಬಂತು. ಮೊದಲನೆಯದು ನಾಚಿಕೆ, ನರ್ಸ್ ಹೆಣ್ಣುಮಗಳಿದ್ದರೆ ಹೇಗೆ ಎಂಬುದು. ಎರಡನೆಯದು ಹಿಂದಿನ ರಾತ್ರಿ. ಕರುಳು ತೊಳೆದುಹೋಗಲು ಪುಡಿ ಕಲಸಿದ ಎರಡು ಲೀಟರ್ ನೀರು ಕುಡಿಯಬೇಕು, ಅರ್ಧ ರಾತ್ರಿಗೆ, ಅರ್ಧ ಬೆಳಗಿನ ಜಾವಕ್ಕೆ. ಜುಲಾಬು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಔಡಲೆಣ್ಣೆ, ಸೋನಾಮುಖಿ ಕುಡಿದು ಬೆಳೆದ ತಲೆಮಾರು ಅದು. ಆದರೆ ಕತ್ತಲಲ್ಲಿ ಹತ್ತು ಸಲ ತಂಬಿಗೆ ಹಿಡಿದು ಹೊಲದ ಕಡೆ ನಡೆಯುವುದು ಅರವತ್ತರ ಹತ್ತಿರದ ಮೊಣಕಾಲಿಗೆ ಆಗದ ಮಾತು. ಮೂರನೆಯದು ಬಸ್ಸು. ಬೆಳಗಿನ ಪುಡಿ ಕುಡಿದು ಆಳಂದಕ್ಕೊಂದು ಬಸ್ಸು, ಅಲ್ಲಿಂದ ಕಲಬುರಗಿಗೆ ಇನ್ನೊಂದು. ಸೊಲ್ಲಾಪುರದ ದಾರಿ ಹಿಡಿದರೂ ಇದೇ ಪಾಡು. ನಾಲ್ಕನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಕಾಕಿ ಹೇಳಿದರು. "ಒಳಗ ಏನರ ಕಂಡ್ರ ಹೊಲ ಮಾರಬೇಕಾಗ್ತದ ಅಂತ ಅಂಜ್ಯಾರ."

ಸೂಚನೆಯ ಚೀಟಿ ಇಂಗ್ಲಿಷಿನಲ್ಲಿತ್ತು. ನಾರು ಕಡಿಮೆ ಇರುವ ಆಹಾರ ತಿನ್ನಿ ಎಂದು ಅದರಲ್ಲಿತ್ತು. ತೊಗರಿಯ ಸೀಮೆಯವನಿಗೆ ಇದನ್ನು ಹೇಗೆ ಹೇಳಬೇಕು? ನಾನು ಕಾಗದದ ಹಿಂಬದಿಯಲ್ಲಿ ಬರೆದೆ. ಎರಡು ದಿನ ಜೋಳದ ರೊಟ್ಟಿ ಬೇಡ, ತೊಗರಿಬೇಳೆ ಬೇಡ, ಕಾಯಿಪಲ್ಯೆ ಬೇಡ, ಅಗಸಿ ಹಿಂಡಿ, ಶೇಂಗಾ ಹಿಂಡಿ ಬೇಡ. ಕಾಳು, ಬೀಜ ಕರುಳಿನಲ್ಲಿ ಅಂಟಿಕೊಂಡು ಕ್ಯಾಮೆರಾಗೆ ಅಡ್ಡ ಬರುತ್ತವೆ. ಬಿಳಿ ಅನ್ನ, ಮೊಸರು ಆಗಬಹುದು. ಕೊನೆಯ ದಿನ ಬರೀ ತಿಳಿ, ಎಳನೀರು, ಹಾಲಿಲ್ಲದ ಚಹಾ. ಕೆಂಪು ಬಣ್ಣದ ಪಾನಕ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನೇ ಫೋನಿನಲ್ಲಿ ಕೇಳಿ ಅದನ್ನೂ ಬರೆದೆ. ಹಿಂದಿನ ದಿನವೇ ಕಲಬುರಗಿಗೆ ಹೋಗಿ, ಶೌಚಾಲಯವಿರುವ ನೆಂಟರ ಮನೆಯಲ್ಲಿ ಉಳಿಯುವುದೆಂದು ಗೊತ್ತುಮಾಡಿದೆವು. ಬಸ್ಸಿನ ಅಂಜಿಕೆ, ರಾತ್ರಿಯ ಅಂಜಿಕೆ ಎರಡೂ ಅಲ್ಲಿಗೆ ಹೋದವು. ಅವು ಧೈರ್ಯದ ಮಾತಿನಿಂದ ಹೋದವಲ್ಲ, ಬಾಗಿಲಿರುವ ಒಂದು ಕೋಣೆಯಿಂದ ಹೋದವು. ಪರೀಕ್ಷೆ ಅರ್ಧ ಗಂಟೆಯೊಳಗೆ ಮುಗಿಯಿತು. ಒಂದು ಸಣ್ಣ ಪಾಲಿಪ್ ಸಿಕ್ಕಿತು, ತೆಗೆದರು. ಕ್ಯಾನ್ಸರ್ ಇರಲಿಲ್ಲ. ಹೊಲ ಮಾರುವ ಮಾತು ಆಮೇಲೆ ಬರಲಿಲ್ಲ.

ಹೇಳುವುದರಿಂದ ಅಂಜಿಕೆ ಇಳಿಯುತ್ತದೆ ಎಂಬುದು ನಮ್ಮ ಮನೆಯ ಅನುಭವ ಮಾತ್ರವಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಲಾರೆನ್ಸ್ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರಿವಳಿಕೆ ವೈದ್ಯ ಬಂದು ಕೂತು ಮಾತಾಡಿಸಿದ್ದು, ನಿದ್ದೆಯ ಔಷಧಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿತ್ತು. ಮರುವರ್ಷ ಹೊಟ್ಟೆಯ ಶಸ್ತ್ರಚಿಕಿತ್ಸೆಯ 97 ರೋಗಿಗಳನ್ನು ಎರಡು ಗುಂಪು ಮಾಡಿದ. ಎಲ್ಲಿ ನೋಯುತ್ತದೆ, ಏಕೆ ನೋಯುತ್ತದೆ, ಹೇಗೆ ಉಸಿರಾಡಬೇಕು, ಹೇಗೆ ಹೊರಳಬೇಕು ಎಂದು ಒಂದು ಗುಂಪಿಗೆ ವಿವರಿಸಿ ಹೇಳಿದ. ಹೇಳಿಸಿಕೊಂಡವರಿಗೆ ನೋವಿನ ಔಷಧ ಸುಮಾರು ಅರ್ಧ ಸಾಕಾಯಿತು, ಅವರು ಬೇಗ ಮನೆಗೂ ಹೋದರು. ನೋವಾಗುವುದಿಲ್ಲ ಎಂದು ಅವನು ಸುಳ್ಳು ಹೇಳಿರಲಿಲ್ಲ. ನೋವಾಗುತ್ತದೆ, ಅದು ಹೀಗಿರುತ್ತದೆ ಎಂದು ನಿಜ ಹೇಳಿದ್ದ.

ನೆನಪಿನ ಬಗ್ಗೆ ಇನ್ನೊಂದು ಅಧ್ಯಯನ ಸ್ವತಃ ಕೊಲೊನೋಸ್ಕೋಪಿಯದೇ. ಡೊನಾಲ್ಡ್ ರೆಡೆಲ್ಮೇಯರ್ ಮತ್ತು ಮುಂದೆ ನೊಬೆಲ್ ಪಡೆದ ಡೇನಿಯಲ್ ಕಾನಮನ್ 1996ರಲ್ಲಿ 154 ಜನರ ಅನುಭವವನ್ನು ನಿಮಿಷ ನಿಮಿಷಕ್ಕೂ ಕೇಳಿ ಬರೆದುಕೊಂಡರು. ಕೆಲವರ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿದಿತ್ತು, ಇನ್ನು ಕೆಲವರದು ಬಹಳ ಹೊತ್ತು ಹಿಡಿದಿತ್ತು. ಆಮೇಲೆ ಅವರ ನೆನಪಿನಲ್ಲಿ ಉಳಿದದ್ದು ಒಟ್ಟು ಸಮಯವಲ್ಲ, ಅತಿ ಹೆಚ್ಚು ನೋವಿನ ಗಳಿಗೆ ಮತ್ತು ಕೊನೆಯ ಕೆಲವು ನಿಮಿಷಗಳು. 2003ರಲ್ಲಿ 682 ಜನರ ಮೇಲೆ ಮತ್ತೆ ನೋಡಿದರು. ಕೊನೆಗೆ ಕೊಳವೆಯನ್ನು ಅಲುಗಿಸದೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ, ಸಮಯ ಹೆಚ್ಚಾದರೂ ನೆನಪು ಹಗುರವಾಗಿತ್ತು. ಈಗ ಅನೇಕ ಕಡೆ ಮಂಪರಿನ ಔಷಧ ಕೊಟ್ಟೇ ಪರೀಕ್ಷೆ ಮಾಡುತ್ತಾರೆ, ಎಷ್ಟೋ ಜನರಿಗೆ ನಡೆದದ್ದು ನೆನಪೇ ಇರುವುದಿಲ್ಲ. ಆದರೂ ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಹೇಳುವ ಕಥೆಯಿಂದಲೇ ಮುಂದಿನವನ ಅಂಜಿಕೆ ಹುಟ್ಟುತ್ತದೆ ಅಥವಾ ಸಾಯುತ್ತದೆ. ಆದ್ದರಿಂದ ಕೊನೆಯ ಐದು ನಿಮಿಷ ಹೇಗಿದ್ದವು ಎಂಬುದು ಒಬ್ಬನ ಸಂಗತಿಯಾಗಿ ಉಳಿಯದೆ ಊರಿನ ಸಂಗತಿಯಾಗುತ್ತದೆ.

ಸುಶ್ರುತ ಹೇಳಿದ ತೊಡೆ, ರೂಪಾಬಾಯಿಯವರ ಕೈ, ಹಿರ್ಶೋವಿಟ್ಜ್ ತಾನೇ ನುಂಗಿದ ಕೊಳವೆ, ಎಗ್ಬರ್ಟ್ ಕೂತು ಆಡಿದ ಮಾತು ಇವೆಲ್ಲ ಒಂದೇ ದಾರಿಯವು. ಬಿಗಿಯುವ ಬಟ್ಟೆ, ಗಟ್ಟಿ ಕೊಳವೆ, ತಿಳಿಯದ ಭಾಷೆಯ ಚೀಟಿ ಇನ್ನೊಂದು ದಾರಿಯವು. ಎರಡನೆಯ ದಾರಿಯಲ್ಲಿ ಅಂಜಿಕೆ ರೋಗಿಯ ತಪ್ಪು. ಮೊದಲನೆಯದರಲ್ಲಿ ಅದು ಎಲ್ಲರೂ ಸೇರಿ ಮಾಡಬೇಕಾದ ಕೆಲಸ. ನಮ್ಮ ಗಡಿಯಲ್ಲಿ ಚೀಟಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇದ್ದು, ಓದುವವನಿಗೆ ಕನ್ನಡವಷ್ಟೇ ಬರುತ್ತಿದ್ದರೆ, ಅರ್ಧ ಅಂಜಿಕೆಯನ್ನು ನಾವೇ ತಯಾರಿಸಿ ಕೊಟ್ಟಂತೆ.

ಇದನ್ನು ಓದುವವರಲ್ಲಿ ಎಂ.ಎ., ಸಂಶೋಧನೆ ಎಂದು ವಿಷಯ ಹುಡುಕುತ್ತಿರುವವರಿದ್ದೀರಿ. ನಿಮ್ಮೂರಿನ ಹಿರಿಯರನ್ನು ಆಸ್ಪತ್ರೆಯ ಹಿಂದಿನ ರಾತ್ರಿಯ ಬಗ್ಗೆ ಕೇಳಿ ನೋಡಿ. ಯಾರ ಜೊತೆ ಹೋದರು, ಎಲ್ಲಿ ಮಲಗಿದರು, ಯಾರು ಏನು ಹೇಳಿದರು, ದುಡ್ಡು ಎಲ್ಲಿಂದ ಹೊಂದಿಸಿದರು ಎಂದು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ಇಸವಿ ಹಾಕಿ ಇಡಿ. ಹೈದರಾಬಾದಿನ ಆಯೋಗ 1889ರಲ್ಲಿ ಉಸಿರುಗಳನ್ನು ಎಣಿಸಿ ಬಿಟ್ಟುಹೋದ ಪುಟವೊಂದು ಹಾಗೆ ಭರ್ತಿಯಾಗಬಹುದು.